ಎರಡನೆಯ ಕರೆ

"ಗುರುಗಳೇ, ಓಗೊಡದ ಜನರ ಮುಂದೆ ಹಾಡುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಶಿಷ್ಯೆಯ ಹೆಸರು ಚಾರುಮತಿ. ನಾಲ್ಕು ಜನ ಸೇರಿದ ಕಡೆ ಬಾಗಿಲ ಪಕ್ಕವೇ ಕೂರುವ ಹುಡುಗಿ. ಅವಳು ಕಲಿಯುತ್ತಿದ್ದದ್ದು ಬ್ಲೂಸ್ ಹಾಡು. ದೂರದೇಶದ ಕಪ್ಪು ಜನ ದುಡಿದು ದಣಿದು ತಮ್ಮ ನೋವಿಗೆ ತಾವೇ ಕಟ್ಟಿಕೊಂಡ ಹಾಡು ಅದು. ಹಾಡುವವರು ಒಂದು ಸಾಲು ಹಾಡುತ್ತಾರೆ. ಅದೇ ಸಾಲನ್ನು ಮತ್ತೊಮ್ಮೆ ಹಾಡುತ್ತಾರೆ. ಆಮೇಲೆ ಮುಂದಿನ ಸಾಲಿಗೆ ಹೋಗುತ್ತಾರೆ. ನಡುವೆ ಬಿಟ್ಟ ಜಾಗದಲ್ಲಿ ಕೇಳುವವರು ದನಿ ಕೊಡುತ್ತಾರೆ.

ಹಿಂದಿನ ಸಂಜೆ ಪುರಭವನದಲ್ಲಿ ಅವಳು ಮೊದಲ ಬಾರಿಗೆ ವೇದಿಕೆ ಹತ್ತಿದ್ದಳು. ಮೊದಲ ಸಾಲು ಹಾಡಿದಳು. ಯಾರೂ ಮಿಸುಕಲಿಲ್ಲ. ಎದುರು ಕುರ್ಚಿಯಲ್ಲಿದ್ದ ಯಜಮಾನರೊಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿದರು. ಚಾರುಮತಿ ಕೈಮುಗಿದು ಕೆಳಗಿಳಿದುಬಿಟ್ಟಳು. ಇನ್ನು ಮುಂದೆ ಹಾಡಬೇಕೋ ಬಿಡಬೇಕೋ ಎಂಬುದನ್ನು ಅವಳು ಗುರುಗಳ ಉತ್ತರಕ್ಕೆ ಬಿಟ್ಟಿದ್ದಳು.

ಗುರುಗಳು ಹಾರ್ಮೋನಿಯಂ ಮುಚ್ಚಿದರು. "ಕೇಳು" ಎಂದು ಹೇಳತೊಡಗಿದರು.

ಒಂದು ಗಣಿಯ ಊರಿತ್ತು. ಗಂಡಸರು ಬೆಳಗ್ಗೆ ಭೂಮಿಯೊಳಗೆ ಇಳಿದು ಸಂಜೆ ಮೇಲೆ ಬರುತ್ತಿದ್ದರು. ಕೆಲವರು ಬರುತ್ತಿರಲಿಲ್ಲ. ಅದಕ್ಕೇ ಆ ಊರಿನಲ್ಲಿ ಒಂದು ಕಟ್ಟಳೆ. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕರೆಗೆ ಓ ಅನ್ನುವಂತಿಲ್ಲ. ಒಳಗೇ ಉಳಿದುಹೋದವರು ಒಂದೇ ಸಲ ಕರೆಯುತ್ತಾರೆ ಎಂದು ಹಿರಿಯರು ಹೇಳುತ್ತಿದ್ದರು. ಎರಡನೆಯ ಸಲ ಕರೆಯಲು ಉಸಿರು ಬೇಕಲ್ಲ. ಎರಡನೆಯ ಸಲ ಕರೆದರೆ, ಅದು ಮನುಷ್ಯರ ದನಿ. ಆಗ ಓಗೊಟ್ಟು ಬಾಗಿಲು ತೆಗೆಯಬೇಕು.

ಆ ಊರಿನಲ್ಲಿ ಒಬ್ಬ ಹಾಡುಗಾರ್ತಿ ಇದ್ದಳು. ಅವಳು ಸಣ್ಣವಳಿದ್ದಾಗ ಅಪ್ಪ ಗಣಿಗೆ ಇಳಿದವನು ಬರಲಿಲ್ಲ. ಮಣ್ಣು ಕುಸಿಯಿತು ಎಂದರು. ಹೆಣವನ್ನು ಯಾರೂ ನೋಡಲಿಲ್ಲ. ಅಮ್ಮ ಗಣಿಯ ಬಿಳಿ ದೊರೆಗಳ ಕ್ಲಬ್ಬಿನಲ್ಲಿ ಗಾಜಿನ ಲೋಟ ತೊಳೆಯುವ ಹಗಲಿನ ಕೆಲಸ ಹಿಡಿದಳು. ಹುಡುಗಿ ಅಡುಗೆಮನೆಯ ಕಿಟಕಿಯ ಕೆಳಗೆ ಕೂತು, ಹಗಲು ಅಭ್ಯಾಸ ಮಾಡುತ್ತಿದ್ದ ಬ್ಯಾಂಡಿನವರ ಬ್ಲೂಸ್ ಕೇಳುತ್ತಾ ಬೆಳೆದಳು. ಮಾತು ಅವಳಿಗೆ ತಿಳಿಯಲಿಲ್ಲ. ಒಂದೇ ಸಾಲು ಎರಡು ಸಲ ಬರುತ್ತದೆ ಎಂಬುದು ಮಾತ್ರ ತಿಳಿಯಿತು. ನಮ್ಮೂರಿನವರೇ ಯಾರೋ ಕಟ್ಟಿರಬೇಕು ಎಂದುಕೊಂಡಳು.

ದೊಡ್ಡವಳಾದ ಮೇಲೆ ತಾನೇ ಒಂದು ಹಾಡು ಕಟ್ಟಿದಳು. ಕೆಲಸಗಾರರ ಸಭಾಂಗಣದಲ್ಲಿ ನಿಂತು ಹಾಡಿದಳು:

ದೀಪ ಹಚ್ಚಿಟ್ಟೆ, ಅನ್ನ ಆರಿತು, ಎಲ್ಲಿದ್ದೀಯೋ.
ದೀಪ ಹಚ್ಚಿಟ್ಟೆ, ಅನ್ನ ಆರಿತು, ಎಲ್ಲಿದ್ದೀಯೋ.
ಓ ಅಂದರೆ ಸಾಕು, ನಾನೇ ಬರುತೇನೋ.

ಎರಡನೆಯ ಸಲ ಹಾಡಿ ನಿಲ್ಲಿಸಿದಾಗ ಇಡೀ ಸಭೆ "ಓ" ಎಂದಿತು. ಆ ಊರಿನವರಿಗೆ ಚಪ್ಪಾಳೆ ಹೊಡೆದು ಗೊತ್ತಿರಲಿಲ್ಲ. ಓ ಅನ್ನುವುದೇ ಅವರ ಮೆಚ್ಚುಗೆ. ಅವಳ ಅಮ್ಮ ಮಾತ್ರ ಆ ಸಭೆಯಲ್ಲಿ ಇರಲಿಲ್ಲ. ಸಂಜೆ ಹೊತ್ತು ಅವಳು ಮನೆ ಬಿಟ್ಟು ಕದಲುತ್ತಿರಲಿಲ್ಲ. ಯಾಕೆಂದು ಮಗಳು ಕೇಳಲಿಲ್ಲ, ತಾಯಿ ಹೇಳಲಿಲ್ಲ.

ಹಾಡಿನ ಸುದ್ದಿ ನಗರ ಮುಟ್ಟಿತು. ಸಂಗೀತ ಕಛೇರಿಗಳನ್ನು ನಡೆಸುವ ಒಬ್ಬ ವ್ಯಾಪಾರಿ ಅವಳನ್ನು ಕರೆದೊಯ್ದ. ಹಾಡು ಕೇಳಿದ ಮೇಲೆ ಅವನು ಗಡಿಯಾರ ನೋಡಿಕೊಂಡ.

"ಒಂದೇ ಸಾಲನ್ನ ಎರಡೆರಡು ಸಲ ಯಾಕಮ್ಮಾ ಎಳೀತೀಯ? ಕೇಳೋಕೆ ಬಂದವರೇನು ಕಿವುಡರಾ?"

"ನಮ್ಮ ಕಡೆ ಹಾಗೇ ಸ್ವಾಮೀ ಹಾಡೋದು."

"ನಿಮ್ಮ ಕಡೆ ಹೋದಾಗ ಹಾಗೇ ಹಾಡು. ಇಲ್ಲಿ ಜನಕ್ಕೆ ಕೊನೇ ಬಸ್ಸು ಹಿಡಿಯೋದಿರುತ್ತೆ."

ಅವಳು ಎರಡನೆಯ ಸಾಲು ಬಿಟ್ಟಳು. ಖಾಲಿಬಿದ್ದ ಜಾಗಕ್ಕೆ ದನಿಯ ಬಳುಕು ತುಂಬಿದಳು. ಕಾರಂಜಿಯ ಹಾಗೆ ದನಿ ಏರುತ್ತಿತ್ತು, ಒಡೆದು ಇಳಿಯುತ್ತಿತ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹಾಡಿನ ಗ್ರಾಮಫೋನ್ ತಟ್ಟೆಗಳು ಬಂದವು, ಗೋಡೆಗೋಡೆಯ ಮೇಲೆ ಅವಳ ಮುಖ ಬಂತು. ಯಾರೂ ಓ ಅನ್ನುತ್ತಿಲ್ಲ ಎಂಬುದು ಚಪ್ಪಾಳೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲೇ ಇಲ್ಲ.

ವರ್ಷಗಳು ಹೋದವು. ಒಂದು ಸಲ ತನ್ನ ಊರಿನಲ್ಲೇ ಹಾಡಬೇಕು ಎಂದು ಅವಳಿಗೆ ಆಸೆಯಾಯಿತು. ಊರಿನ ಆಸೆ ಎಂಬುದು ನೆಪ. ಅಮ್ಮ ತನ್ನ ಹಾಡನ್ನು ಎದುರು ಕೂತು ಕೇಳಬೇಕು, ಅಮ್ಮನ ಬಾಯಿಂದ ಒಂದು ಓ ಬರಬೇಕು. ಊರೆಲ್ಲ ಅಂದದ್ದನ್ನು ಅಮ್ಮ ಒಬ್ಬಳು ಅಂದಿರಲಿಲ್ಲ. ಮಗಳು ಹೇಳಿ ಕಳಿಸಿದಳು. ತಾಯಿಗೆ ಆಗಲೇ ವಯಸ್ಸಾಗಿತ್ತು. ಅವತ್ತು ಮೊದಲ ಬಾರಿಗೆ ಸಂಜೆ ಹೊತ್ತು ಬಾಗಿಲು ಎಳೆದುಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂತಳು.

ಹಾಡುಗಾರ್ತಿ ಹಾಡಿದಳು. ಒಂದು ಸಾಲು, ಬಳುಕು, ಮುಂದಿನ ಸಾಲು. ನಗರವನ್ನು ಎಬ್ಬಿಸಿ ನಿಲ್ಲಿಸಿದ್ದ ಅದೇ ಹಾಡು. ಸಭಾಂಗಣ ತಣ್ಣಗಿತ್ತು.

ಹಿಂದೆ ಕೂತಿದ್ದ ಹೆಂಗಸೊಬ್ಬಳು ಮೆಲ್ಲಗೆ ಅಂದಳು, "ಸಿಟಿ ನೀರು ಕುಡಿದು ದನಿ ಎಷ್ಟು ನುಣ್ಣಗಾಗಿದೆ ನೋಡೇ."

"ನುಣ್ಣಗಾಗಿದೆ ಕಣೆ. ಹಿಡಿಯೋಕೆ ಹೋದರೆ ಜಾರುತ್ತೆ" ಎಂದಳು ಪಕ್ಕದವಳು.

ಆ ಮಾತು ವೇದಿಕೆಗೆ ಮುಟ್ಟಿತು. ಹಾಡುಗಾರ್ತಿಗೆ ಸಿಟ್ಟು ಬಂತು. ಇವರಿಗೆ ಹೊಟ್ಟೆಕಿಚ್ಚು ಎಂದುಕೊಂಡಳು. ನಾನು ಮೇಲೆ ಬಂದದ್ದು ಇವರಿಗೆ ಸೇರಲಿಲ್ಲ ಎಂದುಕೊಂಡಳು. ಬ್ಯಾಂಡಿನವರಿಗೆ ಕಣ್ಣಲ್ಲೇ ಹೇಳಿ, ಇನ್ನಷ್ಟು ಬಳುಕು ಸೇರಿಸಿ ಹಾಡನ್ನು ಮೊದಲಿನಿಂದ ಎತ್ತಿದಳು. ಹಾಗೆ ಹಾಡುತ್ತಲೇ ಅಮ್ಮನನ್ನು ನೋಡಿದಳು.

ಮೊದಲ ಸಾಲು ಮುಗಿದಾಗ ಅಮ್ಮನ ತಲೆ ಮೇಲೆದ್ದಿತು. ತುಟಿ ಅರ್ಧ ತೆರೆಯಿತು. ಮಗಳು ಮುಂದಿನ ಸಾಲಿಗೆ ಹೋದಳು. ತೆರೆದ ತುಟಿ ಮುಚ್ಚಿಕೊಂಡಿತು.

ಆ ಅರ್ಧ ತೆರೆದ ಬಾಯಿ ಅವಳಿಗೆ ಗೊತ್ತಿತ್ತು. ಚಿಕ್ಕಂದಿನ ಸಂಜೆಗಳಲ್ಲಿ ಹೊರಗೆ ಯಾವುದೋ ದನಿ ಕೇಳಿದರೆ ಸಾಕು, ಒಲೆಯ ಮುಂದಿನ ಅಮ್ಮ ಹೀಗೆಯೇ ತಲೆ ಎತ್ತುತ್ತಿದ್ದಳು. ಬಾಯಿ ಹೀಗೆಯೇ ಅರ್ಧಕ್ಕೆ ನಿಲ್ಲುತ್ತಿತ್ತು. ಕೈಯಲ್ಲಿದ್ದ ಸೌಟೂ ನಿಲ್ಲುತ್ತಿತ್ತು. ಇನ್ನೊಂದು ಸಲ ಕರೆಯಲಿ ಎಂದು ಕಾಯುತ್ತಿದ್ದಳು. ಕರೆ ಬರುತ್ತಿರಲಿಲ್ಲ. ಅಮ್ಮ ಬಾಯಿ ಮುಚ್ಚಿ ಸಾರು ಕಲಕುತ್ತಿದ್ದಳು. ಅಷ್ಟು ವರ್ಷ ಅವಳು ಸಂಜೆ ಮನೆ ಬಿಟ್ಟು ಕದಲದೆ ಕಾದದ್ದು ಆ ಎರಡನೆಯ ಕರೆಗೆ.

ಹಾಡು ನಿಂತಿತು. ಬ್ಯಾಂಡೂ ನಿಂತಿತು. ಹಾಡುಗಾರ್ತಿ ಸೆರಗಿನಿಂದ ಮುಖ ಒರೆಸಿಕೊಂಡು ಮೈಕಿನಿಂದ ಪಕ್ಕಕ್ಕೆ ಬಂದಳು. ಬಳುಕಿಲ್ಲದೆ, ಮನೆಯಂಗಳದಲ್ಲಿ ನಿಂತು ಕೂಗಿದ ಹಾಗೆ ಹಾಡಿದಳು:

ದೀಪ ಹಚ್ಚಿಟ್ಟೆ, ಅನ್ನ ಆರಿತು, ಎಲ್ಲಿದ್ದೀಯೋ.

ಯಾರೂ ಮಿಸುಕಲಿಲ್ಲ. ಅಮ್ಮನ ತಲೆ ಎದ್ದಿತು. ತುಟಿ ತೆರೆಯಿತು.

ಆ ಮೌನದಲ್ಲಿ ನಿಲ್ಲುವುದು ಸುಲಭವಿರಲಿಲ್ಲ. ನಗರದ ಯಾವ ವೇದಿಕೆಯಲ್ಲೂ ಅವಳು ಹೆದರಿದವಳಲ್ಲ. ಇಲ್ಲಿ ಹೆದರಿದಳು. ಮೊದಲ ಸಲ ಹಾಡುವಾಗ ಜನ ಓಗೊಡುತ್ತಾರೆಂಬ ನಂಬಿಕೆ ಜೊತೆಗಿರುತ್ತದೆ. ಓಗೊಡಲಿಲ್ಲ ಎಂದು ಕಂಡ ಮೇಲೂ ಮತ್ತೆ ಕರೆಯಬೇಕಾದರೆ ಮಾನವನ್ನು ಪಕ್ಕಕ್ಕಿಟ್ಟು ಕರೆಯಬೇಕು. ಅವಳು ಪಕ್ಕಕ್ಕಿಟ್ಟಳು. ದನಿ ಒಡೆಯಿತು. ಒಡೆದ ದನಿಯಲ್ಲೇ ಅದೇ ಸಾಲನ್ನು ಮತ್ತೆ ಹಾಡಿದಳು.

"ಓ" ಎಂದಳು ಅಮ್ಮ.

ಆಮೇಲೆ ಸಭೆಯೆಲ್ಲ ಓ ಎಂದಿತು.

ಗುರುಗಳು ಕತೆ ನಿಲ್ಲಿಸಿದರು. ಕತೆ ಚಾರುಮತಿಗೆ ಹಿಡಿಸಿತ್ತು. ಆದರೂ ಒಳಗೆ ಒಂದು ಮುಳ್ಳು ಉಳಿದಿತ್ತು.

"ಆ ಹಾಡುಗಾರ್ತಿ ಪುಣ್ಯವಂತೆ ಗುರುಗಳೇ" ಎಂದಳು. "ಅವಳ ಎದುರು ಕೂತದ್ದು ಅವಳ ತಾಯಿ, ಅವಳ ಊರು. ನನ್ನ ಎದುರು ಕೂತವರು ಅಂಥವರಲ್ಲ. ನಾನು ಕರೆದರೆ ಒಬ್ಬರೂ ಓ ಅನ್ನಲಿಲ್ಲ."

ಗುರುಗಳು ಹಾರ್ಮೋನಿಯಂ ಅನ್ನು ಮತ್ತೆ ತೆರೆದು ಅವಳ ಕಡೆಗೆ ಸರಿಸಿದರು.

"ಎಷ್ಟು ಸಲ ಕರೆದೆ, ಮಗೂ?"