ನಡುವಿನ ತುಂಡು

"ಎರಡು ಊರಿನವರು ಸಮುದ್ರದ ತಳದಲ್ಲಿ ವಿದ್ಯುತ್ ಕೇಬಲ್ ಹಾಸಿದರು. ತುದಿಗೆ ತುದಿ ತಾಗುವಂತೆ ಬಂತು. ಆದರೂ ದೀಪ ಹತ್ತಲಿಲ್ಲ. ಏನಾಗಿರಬಹುದು, ಊಹಿಸು ನೋಡೋಣ" ಎಂದರು ಗುರುಗಳು.

ಶಿಷ್ಯ ಶೇಷಗಿರಿ ಕೇಳಿದ್ದೇ ಬೇರೆ. ಮುನಿಸಿಕೊಂಡ ಅಕ್ಕನ ಕಡೆಗೆ ತಮ್ಮನಾದವನು ಎಷ್ಟು ದೂರ ಹೋಗಬೇಕು, ಅರ್ಧ ದಾರಿ ಸಾಲದೇ ಎಂದು ಅವನ ಪ್ರಶ್ನೆ. ಕೇಬಲ್ಲಿನ ವಿಚಾರ ತನಗೆ ತಿಳಿಯದು ಎಂದ. ಗುರುಗಳಿಗೆ ಅಷ್ಟೇ ಬೇಕಾಗಿತ್ತು. ಚಾಪೆಯ ಮೇಲೆ ಸರಿಯಾಗಿ ಕುಳಿತು ಹೇಳತೊಡಗಿದರು.

ಒಂದು ದ್ವೀಪ, ಎದುರಿಗೆ ಒಂದು ದಡ. ದ್ವೀಪದವರಿಗೆ ಗಾಳಿಯಿಂದ ವಿದ್ಯುತ್, ದಡದವರಿಗೆ ಹೊಳೆಯ ನೀರಿನಿಂದ. ಗಾಳಿ ನಿಂತರೆ ದ್ವೀಪಕ್ಕೆ ಕತ್ತಲೆ. ಮಂಜುಗಡ್ಡೆಯಿಲ್ಲದೆ ಅಲ್ಲಿನವರು ಹಿಡಿದ ಮೀನೆಲ್ಲ ಕೊಳೆಯುತ್ತಿತ್ತು. ಹೊಳೆ ಬತ್ತಿದರೆ ದಡದ ಮಗ್ಗಗಳು ನಿಲ್ಲುತ್ತಿದ್ದವು. ಒಬ್ಬರಲ್ಲಿ ಹೆಚ್ಚಾದದ್ದು ಇನ್ನೊಬ್ಬರಿಗೆ ಹರಿಯಲಿ ಎಂದು ಮಾತಾಯಿತು. ಒಳ್ಳೆಯ ಮಾತೇ.

ಕೇಬಲ್ ಹಾಸುವವರು ಯಾರು? ಅರ್ಧ ನೀವು, ಅರ್ಧ ನಾವು. ಎರಡೂ ಕಡೆಯ ಯಜಮಾನರು ನಕ್ಷೆಯ ನಟ್ಟನಡುವೆ ಗೆರೆ ಎಳೆದರು. ಯಾರೂ ಗೇಣು ಕಡಿಮೆ ಮಾಡಲಿಲ್ಲ, ಯಾರೂ ಗೇಣು ಮುಂದೆ ಬರಲಿಲ್ಲ. ಅದರಲ್ಲಿ ಇಬ್ಬರೂ ಮಹಾ ಪ್ರಾಮಾಣಿಕರು ಮಾರಾಯ.

ಆಮೇಲೆ ಬೆಸೆಯುವವರು ಬಂದರು. ಆ ಕೆಲಸ ನೀರಿನಡಿಯಲ್ಲಿ ಆಗುವಂಥದ್ದಲ್ಲ, ನೋಡು. ತುದಿಗಳನ್ನು ಹಡಗಿನ ಮೇಲಕ್ಕೆ ತಂದು, ಒಣ ಜಾಗದಲ್ಲಿಟ್ಟು ಬೆಸೆಯಬೇಕು. ಎರಡು ಹಡಗುಗಳಿಂದ ಎತ್ತಿದರು. ತಳದಿಂದ ಮೇಲೇರುವುದಕ್ಕೇ ಒಂದಷ್ಟು ಉದ್ದ ಹೋಗುತ್ತದಲ್ಲ, ಮೇಲೆ ಬರುತ್ತಾ ಬರುತ್ತಾ ಒಂದೊಂದು ತುದಿಯೂ ತನ್ನ ತನ್ನ ಊರಿನ ಕಡೆಗೆ ಸರಿಯಿತು. ತಳದಲ್ಲಿ ಒಂದಕ್ಕೊಂದು ತಾಗಿ ಮಲಗಿದ್ದವು, ಮೇಲೆ ಬಂದಾಗ ಒಂದರಿಂದೊಂದು ಕೂಗಳತೆ ದೂರ. ನಡುವಿನ ತುಂಡನ್ನು ಯಾರಾದರೂ ಒಬ್ಬರು ಕೊಟ್ಟರೆ ಸಾಕು, ಈಗಲೇ ಬೆಸೆಯುತ್ತೇವೆ ಎಂದರು ಅವರು.

ದ್ವೀಪದ ಯಜಮಾನ ಹೇಳಿದ: "ನಮ್ಮ ಅರ್ಧ ನಾವು ಹಾಸಿಯಾಗಿದೆ. ಇನ್ನೂ ಕೊಟ್ಟರೆ ಗರಜು ನಮ್ಮದೇ ಅಂದ ಹಾಗಾಯಿತು."

"ಅಣ್ಣಾ, ನಾನು ಹೇಳಬೇಕೆಂದಿದ್ದದ್ದನ್ನು ನೀವೇ ಹೇಳಿಬಿಟ್ಟಿರಿ" ಎಂದ ದಡದ ಯಜಮಾನ.

ಅವರಿಬ್ಬರಿಗೂ ಪೂರ್ತಿ ಒಮ್ಮತವಾದದ್ದು ಆ ಒಂದು ಮಾತಿನಲ್ಲೇ. ಯಾರ ಅರ್ಧವಾದರೇನು, ನನ್ನ ಬುಟ್ಟಿ ನಾರುತ್ತಿದೆಯಲ್ಲ ಎಂದು ಮೀನು ಮಾರುವವಳೊಬ್ಬಳು ಹಿಂದಿನಿಂದ ಗೊಣಗಿದಳಂತೆ. ಯಜಮಾನರು ತಿರುಗಿ ನೋಡಲಿಲ್ಲ. ತುದಿಗಳಿಗೆ ಮುಚ್ಚಳ ಬಿಗಿದು, ಮತ್ತೆ ತಳಕ್ಕೆ ಇಳಿಸಿ, ಹಡಗುಗಳು ಹೊರಟುಹೋದವು. ಮೀನನ್ನು ಮರಳಲ್ಲಿ ಹೂಳಿದರು.

ಶೇಷಗಿರಿಗೆ ನಗು ಬಂತು. "ಎಂಥ ದಡ್ಡರು ಗುರುಗಳೇ! ಇದೆಲ್ಲ ನಡೆದದ್ದು ಯಾವಾಗ?"

ಗುರುಗಳೂ ನಕ್ಕರು. "ನೀನು ನಿನ್ನ ಅಕ್ಕನ ಬೀದಿಯ ತಿರುವಿನವರೆಗೆ ಹೋಗಿ ಹಿಂದಿರುಗಿದೆಯಲ್ಲ, ಕಳೆದ ಸೋದರ ಬಿದಿಗೆ, ಅವತ್ತೇ."