ಮಲ್ಲೋಜನ ಕುಡಿಕೆ

"ಕೇಳಿರಪ್ಪೋ ಕೇಳಿ! ಗಾಜಿನ ಮಹಲಿನ ಗೋಡೆಯೊಳಗಿನ ದನಿ ಮೂರು ಒಗಟು ಹಾಕುತ್ತದೆ. ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರ ಜೀವಕ್ಕೆ ಅರಮನೆ ಹೊಣೆಯಲ್ಲ!"

ದೊರೆ ಕೀರ್ತಿರಾಯ ಹೀಗೆ ಡಂಗುರ ಹೊಡೆಸಿದ್ದು ಮಗಳು ಪದ್ಮಲೆಗಾಗಿ. ಆ ಮಹಲಿಗೆ ಕಾಲಿಟ್ಟ ದಿನದಿಂದ ಅವಳ ಕಣ್ಣಿಗೆ ಬಣ್ಣವೇ ಕಾಣದು. ದಾಸವಾಳವೂ ಬೂದಿ, ಅಪ್ಪನ ಮುಖವೂ ಬೂದಿ, ತಟ್ಟೆಯ ಅನ್ನವೂ ಬೂದಿ. ಊಟ ಬಿಟ್ಟು ಅಲ್ಲೇ ಕುಳಿತಿದ್ದಳು. ಇನ್ನೊಂದು ವಾರವೂ ಉಳಿಯಲಾರಳೆಂದು ವೈದ್ಯ ಕೈಚೆಲ್ಲಿದ್ದ. ಒಗಟು ಬಿಡಿಸಿದರೆ ಅವಳ ಬಣ್ಣ ಮರಳುತ್ತದೆಂದು ಗೋಡೆಯ ದನಿಯೇ ಹೇಳಿತ್ತು.

ಮೊದಲು ಹೋದವನು ನೆರೆನಾಡಿನ ಯುವರಾಜ. ಮಟಮಟ ಮಧ್ಯಾಹ್ನ. ಕೆಂಪು, ಹಸಿರು, ನೀಲಿ ಗಾಜಿನ ಮೂರು ಕಿಟಕಿಗಳಿಂದ ಇಳಿದ ಬಿಸಿಲು ಕನ್ನಡಿಗಳಿಗೆ ತಾಗಿ ನಡುವಿನ ಕಲ್ಲಿನ ಮೇಲೆ ಸೇರಿ ಬೆಳ್ಳಗಾಗಿತ್ತು. ಗೋಡೆ ಕೇಳಿತು: "ಅಪ್ಪ ಮಣ್ಣಿನೊಳಗಿನ ಬೇರು, ಅವ್ವ ಕೊಳೆಹಾಕಿದ ಎಲೆ. ಮಗಳು ಇಬ್ಬರನ್ನೂ ಹೋಲಳು. ಯಾರವಳು?"

"ಅಣಬೆ!" ಎಂದ ಯುವರಾಜ. ಬಾಗಿಲು ತೆರೆದಾಗ ಅವನಿರಲಿಲ್ಲ. ಗೋಡೆಯ ಮೇಲೆ ಅವನ ನೆರಳು ಮಾತ್ರ ಇತ್ತು.

ಆಸ್ಥಾನದ ಪಂಡಿತ ಮೊದಲನೆಯದನ್ನು ಹೇಗೋ ದಾಟಿದ. ಗೋಡೆ ಮತ್ತೆ ಕೇಳಿತು: "ಬಿಸಿಲಲ್ಲಿ ಕೆಂಪು ಸೀರೆಯವಳು, ಹಸಿರು ಗಾಜಿನ ಕೆಳಗೆ ಕಪ್ಪು ಸೀರೆಯವಳು. ಅವಳ ಕೆಂಪನ್ನು ಕದ್ದವರು ಯಾರು?" ಪಂಡಿತ "ಮಾಟಗಾತಿ" ಎಂದ. ನೆರಳು ಎರಡಾದವು.

ಮೂರನೆಯವನು ಬೊಮ್ಮ, ಬಟ್ಟೆಗೆ ಬಣ್ಣ ಹಾಕುವವನು. ಮೊಳಕೈವರೆಗೂ ನೀಲಿ.

"ಕೈ ತೊಳ್ಕೊಂಡು ಬರೋಕಾಗ್ಲಿಲ್ವೇನಪ್ಪಾ?" ಎಂದು ಕಾವಲುಗಾರ ನಕ್ಕ.

"ತೊಳೆದ್ರೆ ಹೋಗೋದಲ್ಲಣ್ಣ. ನಮ್ಮೂರ ಚಿತ್ರಗಾರ ಮಲ್ಲೋಜಣ್ಣ ಇಲ್ಲಿ ಕೆಲಸಕ್ಕೆ ಬಂದೋನು ತಿರುಗಿ ಬರ್ಲಿಲ್ಲ. ಅವನನ್ನ ಹುಡುಕ್ಕೊಂಡು ಬಂದೆ."

ಕಾವಲುಗಾರನ ನಗು ಆರಿಹೋಯಿತು.

ಗೋಡೆ ಮೊದಲ ಒಗಟು ಹಾಕಿತು. "ಹಸಿರು," ಎಂದ ಬೊಮ್ಮ. "ಅರಿಶಿನದ ಬೇರಲ್ಲಿ ಅದ್ದಿದ ಬಟ್ಟೇನ ನೀಲಿ ಎಲೆಯ ಹಂಡೇಲಿ ಮುಳುಗಿಸ್ತೀವಿ. ಅರಿಶಿನ ಬೆಳಕಿನ ನೀಲೀನ ನುಂಗುತ್ತೆ, ನೀಲಿ ಕೆಂಪನ್ನ ನುಂಗುತ್ತೆ. ಇಬ್ಬರೂ ಬಿಟ್ಟದ್ದು ಹಸಿರೊಂದೇ."

ಎರಡನೆಯದಕ್ಕೆ, "ಯಾರೂ ಕದ್ದಿಲ್ಲ. ಕೆಂಪು ಬಟ್ಟೆ ಕೆಂಪು ಬೆಳಕನ್ನ ಮಾತ್ರ ತಿರುಗಿ ಕೊಡುತ್ತೆ. ಹಸಿರು ಗಾಜು ಕೆಂಪನ್ನ ಒಳಗೇ ಬಿಡ್ಲಿಲ್ಲ. ಕೊಡೋದು ಏನನ್ನ?" ಎಂದ.

ಗೋಡೆ ನಿಟ್ಟುಸಿರಿಟ್ಟಿತು. "ಮೂರು ಬಣ್ಣ ಆ ಕಲ್ಲಿನ ಮೇಲೆ ಸೇರಿ ಬಿಳುಪಾದವು. ಅದೇ ಮೂರು ನನ್ನ ಬಣ್ಣದ ಕುಡಿಕೆಯಲ್ಲಿ ಸೇರಿ ಮಸಿಯಾದವು. ಮೋಸ ಮಾಡಿದವರು ಯಾರು?"

ಬೊಮ್ಮ ಗೋಡೆಗೆ ಕೈಯಿಟ್ಟ. "ಮಲ್ಲೋಜಣ್ಣಾ, ನೀನಾ?" ಆಮೇಲೆ ಉತ್ತರ ಹೇಳಿದ. "ಯಾರೂ ಮೋಸ ಮಾಡ್ಲಿಲ್ಲಣ್ಣ. ಬೆಳಕಿಗೆ ಬೆಳಕು ಕೂಡಿದ್ರೆ ಹೆಚ್ಚುತ್ತೆ. ಬಣ್ಣದ ಪುಡಿ ಒಂದೊಂದೂ ಬೆಳಕನ್ನ ನುಂಗುತ್ತೆ. ಮೂರೂ ಕೂಡಿದ್ರೆ ಉಳಿಯೋದು ಕತ್ತಲೆ. ನಿನಗಿದು ಗೊತ್ತಿತ್ತು. ಗೊತ್ತಿಲ್ದೋರು ಬೇರೆ ಇದ್ದಾರೆ."

ಅವನು ಬಾಗಿಲತ್ತ ತಿರುಗಿದ. ಅಲ್ಲಿ ನಿಂತು ಕೇಳುತ್ತಿದ್ದ ಕೀರ್ತಿರಾಯ ಗೋಡೆಯ ಮುಂದೆ ಬಂದ.

"ಕಲ್ಲಿನ ಮೇಲಿನ ಬಿಳುಪು ಕಂಡು, ಅದೇ ಮೂರು ಬಣ್ಣ ಕಲಸಿ ಗೋಡೆಗೆ ಬಿಳಿ ಬಳಿ ಎಂದೆ. ಮಲ್ಲೋಜ ಆಗದು ಎಂದ. ಕಲಸಿ ತೋರಿಸಿದ, ಮಸಿಯಾಯಿತು. ನನ್ನನ್ನು ಅವಮಾನಿಸಲೆಂದೇ ಮಾಡಿದನೆಂದು ಈ ಗೋಡೆಯೊಳಗೆ ಜೀವಂತ ಕಟ್ಟಿಸಿಬಿಟ್ಟೆ. ತಪ್ಪು ನನ್ನದು, ಮಲ್ಲೋಜ."

ಗೋಡೆ ಬಿರಿಯಿತು. ಒಳಗೆ ಮೂಳೆಗಳಿದ್ದವು, ಮಸಿ ಒಣಗಿದ ಕುಡಿಕೆಯೂ ಇತ್ತು.

ಮೂಲೆಯಲ್ಲಿ ಕುಳಿತಿದ್ದ ಪದ್ಮಲೆ ಕಣ್ಣುಜ್ಜಿಕೊಂಡು ಬೊಮ್ಮನ ಕೈ ನೋಡಿದಳು. "ನೀಲಿ!" ಎಂದು ಬಿಕ್ಕಿದಳು.

ಬೊಮ್ಮನಿಗೆ ಅರ್ಧ ರಾಜ್ಯ ಬಂತು. ಮಲ್ಲೋಜನಿಗೆ ಅವನು ತಾನೇ ಮಣ್ಣು ಕೊಟ್ಟ. ಕುಡಿಕೆಯನ್ನು ಮಾತ್ರ ಕೀರ್ತಿರಾಯನ ಸಿಂಹಾಸನದ ಪಕ್ಕದಲ್ಲಿಟ್ಟು ಒಂದು ಕಟ್ಟಳೆ ಮಾಡಿದ: ಮರಣದಂಡನೆಗೆ ಮುದ್ರೆ ಒತ್ತುವ ಮೊದಲು ದೊರೆ ಅದರಲ್ಲಿ ಮೂರು ಬಣ್ಣವನ್ನು ತನ್ನ ಕೈಯಾರೆ ಕಲಸಬೇಕು.

ಕೀರ್ತಿರಾಯ ಸಾಯುವವರೆಗೂ ಆ ಕುಡಿಕೆಯನ್ನು ಮುಟ್ಟಲಿಲ್ಲ. ಅವನ ನಾಡಿನಲ್ಲಿ ಮತ್ತೊಂದು ತಲೆಯೂ ಉರುಳಲಿಲ್ಲ.