ಬಾಯಿ ತುಂಬ ಹೊಳೆನೀರು

ಕೇಳಿ ಮಕ್ಕಳೇ, ಹೊಳೆ ಕವಲೊಡೆದು ಕಡಲು ಸೇರುವ ಕಡೆ ಒಂದು ರಾಜ್ಯ ಇತ್ತು. ಹೊಳೆಯ ನಡುವೆ ಒಂದು ಕುದ್ರು, ಅಂದರೆ ನಡುಗಡ್ಡೆ. ಉಪ್ಪುನೀರಲ್ಲೇ ಬೇರಿಳಿಸಿ ಬೆಳೆಯುವ ಕಾಂಡ್ಲಾ ಗಿಡಗಳ ತುಂಬ ಬೆಳ್ಳಕ್ಕಿ ಗೂಡು, ಬೇರಿನ ಸಂದಿಯಲ್ಲಿ ನೀರುನಾಯಿ ಮರಿಗಳು. ಅಲ್ಲಿ ಕೊಡಲಿ ಹಾಕಬಾರದು ಅಂತ ರಾಜನ ಅಜ್ಜನ ಕಾಲದ ಕಟ್ಟಳೆ.

ದೋಣಿ ನಡೆಸುವ ಅಕ್ಕಣಿಯ ಮನೆತನದ್ದು ಇನ್ನೊಂದು ಕಟ್ಟಳೆ. ಕುದ್ರುವಿಗೆ ಕಾಲಿಡುವವರು ಬಾಯಿ ತುಂಬ ಹೊಳೆನೀರು ಹಿಡಿಯಬೇಕು. ನುಂಗಬಾರದು, ಉಗುಳಬಾರದು. ಬಾಯಿ ತುಂಬಿದವರು ಮಾತಾಡುವುದು ಹೇಗೆ? ಮರಿ ಹಾಕಿದ ತಾಯಂದಿರಿಗೆ ನೆಮ್ಮದಿ. ಮಕ್ಕಳಿಲ್ಲದ ಅಕ್ಕಣಿಗೆ ಆ ಮರಿಗಳೆಂದರೆ ಜೀವ.

ದಿವಾನನಿಗೆ ಆ ಜಾಗದಲ್ಲಿ ತನಗೊಂದು ಬಂಗಲೆ ಬೇಕಿತ್ತು. ಅವನೋ ಬಾಯಿ ಮುಚ್ಚಿ ಗೊತ್ತಿಲ್ಲದ ಮನುಷ್ಯ; ಅಕ್ಕಣಿಯ ಕಟ್ಟಳೆಗೆ ಸೊಪ್ಪು ಹಾಕಲಿಲ್ಲ. ಒಮ್ಮೆ ಡೋಲು ಬಡಿಸಿಕೊಂಡು ಹೋದ. ಒಮ್ಮೆ ಕಹಳೆ ಊದಿಸಿಕೊಂಡು ಹೋದ. ಒಮ್ಮೆ ಬೇಟೆನಾಯಿಗಳನ್ನು ಬೊಗಳಿಸಿಕೊಂಡು ಹೋದ. ಮೂರು ಸಲವೂ ಬಂದು ಅದೇ ಮಾತು: "ಮಹಾಸ್ವಾಮಿ, ಅಲ್ಲಿ ಒಂದು ಹಕ್ಕಿಯೂ ಇಲ್ಲ. ಖಾಲಿ ಜಾಗ."

ರಾಜ ನಂಬಿಬಿಟ್ಟ. "ಹಾಗಾದರೆ ಕಡಿಸು" ಅಂದ.

ಸುದ್ದಿ ಅಕ್ಕಣಿಗೆ ಮುಟ್ಟಿತು. ಅರಮನೆಗೆ ಓಡಿದಳು. "ಒಡೆಯಾ, ಕಡಿಸುವುದಾದರೆ ಕಡಿಸಿ. ಅದಕ್ಕೆ ಮುಂಚೆ ಒಂದು ಸಲ ನನ್ನ ದೋಣಿ ಹತ್ತಿ. ನಮ್ಮ ಕಟ್ಟಳೆ ಮಾತ್ರ ತಪ್ಪಬಾರದು."

ರಾಜ ಒಪ್ಪಿದ. ದಿವಾನ ಆಚೆ ದಡದಲ್ಲಿ ಡೋಲಿನವರನ್ನು ಅಡಗಿಸಿಟ್ಟ. "ನಾನು 'ಓ' ಅಂತ ಕೂಗಿದ ಕೂಡಲೇ ಬಡಿಯಿರಿ" ಅಂದ.

ಪೊದೆಯಲ್ಲಿ ಡೋಲು ಇಣುಕುವುದು ಅಕ್ಕಣಿಗೆ ಕಂಡಿತು. ರಾಜನಿಗೆ ಒಂದು ಬೊಗಸೆ ನೀರು ಕೊಟ್ಟಳು. ಜೊತೆಗೆ ದೋಣಿ ಹತ್ತಿದ ದಿವಾನನಿಗೆ, "ನೀವು ಕೆನ್ನೆ ತುಂಬ ಹಿಡಿಯಿರಿ ಸ್ವಾಮಿ" ಅಂತ ಎರಡು ಬೊಗಸೆ ಕೊಟ್ಟಳು.

ಕುದ್ರುವಿನಲ್ಲಿ ಇಳಿದು ನಿಂತರು. ಬೆಳ್ಳಕ್ಕಿಗಳು ಬಂದವು. ನೀರುಕಾಗೆಗಳು ಬಂದವು. ಕೊನೆಗೆ ತಾಯಿ ನೀರುನಾಯಿ ಮರಿಗಳ ಜೊತೆ ಹೊರಗೆ ಬಂತು. ದಿವಾನ ಒದ್ದಾಡಿದ. ಕೂಗಬೇಕೆಂದರೆ ಉಗುಳಬೇಕು, ಉಗುಳಬೇಕೆಂದರೆ ಎದುರಿಗೇ ರಾಜ. ಬಾಯಲ್ಲಿ ಬಿಸಿತುಪ್ಪ ಅಂತಾರಲ್ಲ, ಇವನಿಗೆ ಉಪ್ಪುನೀರೇ ಬಿಸಿತುಪ್ಪ ಆಯಿತು. ಅಷ್ಟರಲ್ಲಿ ಒಂದು ಮರಿ ಬಂದು ರಾಜನ ಪಾದದ ಮೇಲೆ ತಲೆಯಿಟ್ಟು ಮಲಗಿತು. ರಾಜನ ಕಣ್ಣು ತುಂಬಿತು.

ದೋಣಿಗೆ ಮರಳಿ ನೀರು ಉಗುಳಿದ ಮೇಲೆ ರಾಜ ಕೇಳಿದ, "ಖಾಲಿ ಜಾಗ ಅಂದೆಯಲ್ಲ?"

"ಮಹಾಸ್ವಾಮಿ, ನಾನು ಹೋದಾಗ ಏನೂ ಇರಲಿಲ್ಲ."

"ನೀವು ಹೋದಿರಲ್ಲ ಸ್ವಾಮಿ, ಅದಕ್ಕೇ ಇರಲಿಲ್ಲ" ಅಂದಳು ಅಕ್ಕಣಿ.

ರಾಜ ದಿವಾನನಿಗೆ ಅಪ್ಪಣೆ ಕೊಟ್ಟ: "ಮರಿಗಳು ದೊಡ್ಡವಾಗುವ ತನಕ ಈ ಕುದ್ರು ಕಾಯುವವನು ನೀನೇ. ಬಾಯಲ್ಲಿ ನೀರು ಹಿಡಿದು ಕಾಯಬೇಕು."

"ಊಟದ ಹೊತ್ತಿಗಾದರೂ ಉಗುಳಲಿ ಒಡೆಯಾ, ಪಾಪ" ಅಂದಳು ಅಕ್ಕಣಿ.

ಗದ್ದಲ ಮಾಡಿಕೊಂಡು ಹೋದವನಿಗೆ ಕಾಡು ಯಾವತ್ತೂ ಖಾಲಿಯೇ. ಇನ್ನೊಬ್ಬರ ಮನೆಯನ್ನು ಖಾಲಿ ಅನ್ನುವ ಮುಂಚೆ ಬಾಗಿಲಲ್ಲಿ ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು, ಮಕ್ಕಳೇ.